ಅವಳಿಗೆ ಬಂದ ಫೋನು

ನನ್ನ ಎಡಗೈಯಲ್ಲಿ ನರ ಎಲ್ಲಿದೆ ಎಂದು ಮೊದಲು ಕಂಡುಹಿಡಿದವಳು ನನ್ನ ಮೊಮ್ಮಗಳ ಗೆಳತಿ. ಮೊಮ್ಮಗಳು ಮೂರು ಸಲ ಚುಚ್ಚಿ, ಮೂರೂ ಸಲ ತಪ್ಪಿ, ಕಣ್ಣಲ್ಲಿ ನೀರು ತಂದುಕೊಂಡು ಕುಳಿತಿದ್ದಳು. ಆ ಹುಡುಗಿ ಹೊಸ ಸೂಜಿ ಬಿಚ್ಚಿಕೊಂಡು, ಕಣ್ಣು ಮುಚ್ಚಿ, ಮೊಳಕೈ ಮಡಚುವ ಜಾಗವನ್ನು ಎರಡು ಬೆರಳಿನಿಂದ ಒತ್ತಿ ನೋಡಿದಳು.

"ಕಣ್ಣ ಮುಚ್ಚಿ ಏನ ಹುಡಕ್ತಿಯ? ತೆರದು ನೋಡು," ಎಂದೆ.

"ಕುರಿ ಮೈ ತುಂಬ ಕೂದಲ ಇರತೈತ್ರಿ ಆಯಿ. ಕಣ್ಣ ತೆರದರೂ ಏನೂ ಕಾಣೂದಿಲ್ಲ. ಬೆರಳಿಗೆ ಗೊತ್ತಾಗತೈತಿ."

"ಹಂಗಾದ್ರ ನಾ ಕುರಿ ಏನ?"

"ಕುರಿ ಒದಿತಾವ್ರಿ. ನೀವು ಬರೇ ಬೈತೀರಿ. ನೀವ ಸಲೀಸು."

ಅಳುತ್ತಿದ್ದ ಮೊಮ್ಮಗಳು ನಕ್ಕಳು. ನಾನು ಏನೋ ಬೈಯಲು ಬಾಯಿ ತೆರೆಯುವಷ್ಟರಲ್ಲಿ ರಕ್ತ ಸೂಜಿಯೊಳಗೆ ಬಂದಿತ್ತು. ಚುಚ್ಚಿದ್ದು ಗೊತ್ತೇ ಆಗಲಿಲ್ಲ.

ಆ ಹುಡುಗಿಗೆ ಬಂದ ಕೆಲಸವನ್ನು ನಾನು ತಪ್ಪಿಸಿದೆ. ಅದನ್ನು ಬರೆಯಲು ಕುಳಿತಿದ್ದೇನೆ. ನಾಲ್ಕನೆಯ ಇಯತ್ತೆ ಓದಿದವಳು, ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ನಮ್ಮ ಮನೆ ಕೊಣ್ಣೂರಿನಲ್ಲಿ. ಮಗಳು ಸತ್ತಾಗ ಮೊಮ್ಮಗಳಿಗೆ ಐದು ವರ್ಷ. ಅಳಿಯ ವರ್ಷ ತುಂಬುವುದರೊಳಗೆ ಮತ್ತೊಂದು ಮದುವೆಯಾದ. ಹುಡುಗಿ ನನ್ನ ಹತ್ತಿರ ಬೆಳೆದಳು. ಹತ್ತನೆಯದು ಮುಗಿದ ಮೇಲೆ ಗೋಕಾಕದ ಒಂದು ಕಾಲೇಜಿಗೆ ಹಾಕಿದೆ. ರಕ್ತ, ಮೂತ್ರ ತಪಾಸಣೆ ಮಾಡುವುದನ್ನು ಕಲಿಸುವ ಮೂರು ವರ್ಷದ ಕೋರ್ಸು. ಮುಂಜಾನೆ ಬಸ್ಸಿಗೆ ಹೋಗುವುದು, ಫಾಲ್ಸ್ ದಾಟಿ ಗೋಕಾಕ ಮುಟ್ಟುವುದು, ಸಂಜೆ ಅದೇ ದಾರಿಯಲ್ಲಿ ಬರುವುದು.

ಗೆಳತಿ ಮೂಡಲಗಿ ಕಡೆಯ ಕುರುಬರ ಹುಡುಗಿ. ಅವರನ್ನು ನಾನು ಮೊದಲಿನಿಂದ ಬಲ್ಲೆ. ಬಿಳಿಜೋಳದ ರಾಶಿಯಾದ ಮೇಲೆ ಅವಳ ಅಪ್ಪ ಪ್ರತಿ ವರ್ಷ ನಮ್ಮ ಎರಡು ಎಕರೆಯಲ್ಲಿ ಕುರಿ ಕೂಡಿಸುತ್ತಿದ್ದ. ನಮ್ಮ ಕಡೆ ಇದು ರೂಢಿ. ಕುರಿ ಹಿಂಡು ರಾತ್ರಿ ಹೊಲದಲ್ಲಿ ಮಲಗಿದರೆ ಹೊಲಕ್ಕೆ ಗೊಬ್ಬರ, ಅದಕ್ಕೆ ಪ್ರತಿಯಾಗಿ ಕುರಿಯವರಿಗೆ ಜೋಳ. ಎಂಟು ದಿನ ಇದ್ದು ಮುಂದಿನ ಹೊಲಕ್ಕೆ ಹೋಗುತ್ತಾರೆ. ಮಗಳನ್ನೂ ಅದೇ ಕಾಲೇಜಿಗೆ ಹಾಕಿದಾಗ ಅವಳ ಅಪ್ಪ ನನ್ನ ಕಟ್ಟೆಯ ಮೇಲೆ ಬಂದು ಕುಳಿತ.

"ಅವ್ವಾರ, ನಾವು ಒಂದ ಕಡೆ ನಿಲ್ಲೂ ಮಂದಿ ಅಲ್ಲ. ಹುಡಿಗಿನ್ನ ಎಲ್ಲಿ ಬಿಡಲಿ ಅನ್ನೂದು ತಿಳೀವಲ್ದು."

"ಇಲ್ಲೇ ಬಿಡು. ಒಬ್ಬಾಕಿಗಿ ಬಡಿಯೂ ಕಡೆ ಇಬ್ಬರಿಗಿ ರೊಟ್ಟಿ ಬಡಿತೇನಿ. ಆದ್ರ ನನ್ನ ಬಾಯಿ ಛಲೋ ಇಲ್ಲ, ಮೊದಲ ಹೇಳಿರತೇನಿ."

"ಅದು ಐದೂರಿಗಿ ಗೊತ್ತೈತ್ರಿ," ಎಂದ.

ಮೂರು ವರ್ಷ ಇಬ್ಬರೂ ಒಂದೇ ಕೌದಿಯಲ್ಲಿ ಮಲಗಿದರು. ನನ್ನ ಮೊಮ್ಮಗಳು ಓದುವುದರಲ್ಲಿ ಮುಂದೆ. ಪುಸ್ತಕದಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿ ಗೆಳತಿಗೆ ಕಲಿಸುತ್ತಿದ್ದಳು. ಆ ಹುಡುಗಿ ಕೈಯಲ್ಲಿ ಮುಂದೆ. ಸಣ್ಣವಳಿದ್ದಾಗಿನಿಂದ ಕುರಿಗಳಿಗೆ ಸೂಜಿ ಹಾಕಿದ ಕೈ ಅದು. ಇಬ್ಬರ ಅಭ್ಯಾಸಕ್ಕೂ ಇದ್ದದ್ದು ನನ್ನ ತೋಳು. ಒಮ್ಮೆ ಬಾಜೂ ಮನೆಯವಳು ನನ್ನ ಕೈ ನೋಡಿ, "ಯಾರ ಹೊಡದಾರ?" ಎಂದು ಕೇಳಿದಳು. "ಕಾಲೇಜಿನವರು," ಎಂದೆ.

ಎರಡನೆಯ ವರ್ಷ ಪರೀಕ್ಷೆಯ ಫಾರ್ಮು ತುಂಬುವ ಕೊನೆಯ ದಿನ ಹತ್ತಿರ ಬಂತು. ಅದಕ್ಕೆ ಅಪ್ಪನ ಸಹಿ ಬೇಕು. ಹುಡುಗಿಗೆ ಜ್ವರ, ಅಪ್ಪನ ಫೋನು ಬಂದ್. ಅವನು ಯಾರದೋ ಮನೆಯಲ್ಲಿ ಚಾರ್ಜಿಗೆ ಇಟ್ಟಾಗಷ್ಟೇ ಅದು ಹತ್ತುತ್ತಿತ್ತು. ನಾನೇ ಫಾರ್ಮು ಹಿಡಿದು ಮೂಡಲಗಿ ಬಸ್ಸು ಹತ್ತಿದೆ. ಕುರಿಯವರನ್ನು ಹುಡುಕುವುದು ಕಷ್ಟವೇನಲ್ಲ. ಊರ ಹೊರಗೆ ಸಿಕ್ಕ ರೈತನನ್ನು, "ಕುರಿ ಯಾರ ಹೊಲದಾಗ ಕೂಡ್ಯಾವ?" ಎಂದು ಕೇಳಬೇಕು. ಅವನು ಒಂದು ಹೊಲ ತೋರಿಸುತ್ತಾನೆ, ಆ ಹೊಲದವನು ಮುಂದಿನದನ್ನು ತೋರಿಸುತ್ತಾನೆ. ಯಾರ ಹೊಲದಲ್ಲಿ ಎಷ್ಟು ದಿನ ಕೂಡಿಸಿದರು ಎನ್ನುವುದು ಸುತ್ತಿನ ರೈತರಿಗೆಲ್ಲ ಗೊತ್ತಿರುತ್ತದೆ. ಮಧ್ಯಾಹ್ನದೊಳಗೆ ಸಹಿ ಹಾಕಿಸಿಕೊಂಡು ಬಂದೆ. ಇದನ್ನು ಯಾಕೆ ಬರೆದೆ ಎಂದರೆ, ಹುಡುಕುವುದು ನನಗೆ ಗೊತ್ತಿತ್ತು.

ಕಾಲೇಜಿನಲ್ಲಿ ಒಬ್ಬ ಸರ್ ಇದ್ದರು. ಕಲಿತು ಹೋದ ಹುಡುಗರು ಎಲ್ಲೆಲ್ಲಿ ಕೆಲಸಕ್ಕಿದ್ದಾರೆ ಎಂಬುದೆಲ್ಲ ಅವರ ತಲೆಯಲ್ಲಿ ಇರುತ್ತಿತ್ತು. ಯಾರಿಗಾದರೂ ಕೆಲಸದವರು ಬೇಕಾದರೆ ಅವರನ್ನೇ ಕೇಳುತ್ತಿದ್ದರು. ಅವರು ಒಂದು ಹೆಸರು ಹೇಳಿದರೆ ಮುಗಿಯಿತು, ಅರ್ಜಿ ಬೇಡ, ಏನೂ ಬೇಡ. ಕೊನೆಯ ಪರೀಕ್ಷೆ ಮುಗಿದ ದಿನ ಅವರು ಎಲ್ಲರ ಫೋನು ನಂಬರು ಬರೆದುಕೊಂಡರಂತೆ. ಕುರುಬರ ಹುಡುಗಿ ನನ್ನ ನಂಬರು ಬರೆಸಿದಳು.

ಆಮೇಲೆ ಅವಳು ಹಿಂಡಿನ ಕಡೆ ಹೋದಳು. ತಾಯಿಗೆ ಮೈಯಲ್ಲಿ ಆರಾಮ ಇರಲಿಲ್ಲ, ಮರಿ ಹಾಕುವ ಕುರಿಗಳಿದ್ದವು. ಹೋಗುವಾಗ ಬಾಗಿಲಲ್ಲಿ ನಿಂತು, "ಆಯಿ, ಈ ಸಲ ಹುಕ್ಕೇರಿ ದಾಟಿ ಕಣಗಲಾ ಬಾಜೂಕ ಇರತೇವ್ರಿ, ಹೈವೇದ ಹತ್ತರ. ಸರ ಫೋನ್ ಮಾಡಿದ್ರ ಹೇಳ್ರಿ ಮತ್ತ," ಎಂದಳು.

"ಹೇಳ್ತೇನ ಹೋಗು. ನಂಗೇನ ಬ್ಯಾರೆ ಉದ್ಯೋಗ ಐತಿ?" ಎಂದೆ.

ಅದೇ ವಾರ ಅಳಿಯ ಬಂದ. ಎರಡು ವರ್ಷದ ಮೇಲೆ ಬಂದವನು, ಚಹಾ ಕುಡಿಯುವ ಮೊದಲೇ ಮಗಳಿಗೆ ವರ ನೋಡಿದ್ದೇನೆ ಎಂದ. ವರನಿಗೆ ಕಬ್ಬಿನ ಲಾರಿ ಇತ್ತು, ಹುಡುಗಿಗಿಂತ ಹದಿನಾಲ್ಕು ವರ್ಷ ದೊಡ್ಡವನು, ಮೊದಲ ಹೆಂಡತಿ ಬಿಟ್ಟು ಹೋಗಿದ್ದಳು.

"ಅಕಿ ನೌಕರಿ ಮಾಡಾಕಿ ಅದಾಳ," ಎಂದೆ.

"ಎಲ್ಲೈತಿ ನೌಕರಿ, ತೋರಸ್ರಿ. ಇದ್ರ ನಾ ಸುಮ್ಮನಾಗತೇನಿ. ಇಲ್ಲಂದ್ರ ಮಳಿ ಬೀಳೂದ್ರಾಗ ಮದವಿ ಮಾಡಿ ಮುಗಸ್ತೇನಿ. ಹಡದವ ನಾನು."

ಮೊಮ್ಮಗಳು ಒಳಗೆ ಹಿಟ್ಟು ನಾದುತ್ತಿದ್ದಳು. ನಾದುವ ಸಪ್ಪಳ ನಿಂತುಹೋಯಿತು.

ಅದಾದ ನಾಲ್ಕನೆಯ ದಿನ, ಗುರುವಾರ, ಸರ್ ಫೋನು ಬಂತು. ಮೊಮ್ಮಗಳು ಬಟ್ಟೆ ಒಗೆಯಲು ಹೊಳೆಗೆ ಹೋಗಿದ್ದಳು.

"ಅಮ್ಮಾರ, ಹುಕ್ಕೇರ್ಯಾಗ ನನ್ನ ಹಳೇ ವಿದ್ಯಾರ್ಥಿ ಒಬ್ಬಾಂವ ಲ್ಯಾಬ್ ತಗದಾನ್ರಿ. ಕೈ ಛಲೋ ಇದ್ದಾಕಿನ್ನ ಕಳಸ್ರಿ ಅಂದಾನು. ಆ ಕುರಿಯವರ ಹುಡಿಗಿನ್ನ ಹೇಳೇನಿ. ಸೋಮವಾರ ಮುಂಜಾನೆ ಹತ್ತಕ್ಕ ಅಲ್ಲಿರಬೇಕು. ಕೊಡ್ರಿ ಅಕಿ ಕಡೆ."

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ. ಯೋಚಿಸಲು ಬಹಳ ಹೊತ್ತು ಹಿಡಿಯಿತು ಎಂದು ಬರೆದರೆ ಸುಳ್ಳಾಗುತ್ತದೆ.

"ಅಕಿ ಕುರಿ ಹಿಂದ ಹೋಗ್ಯಾಳ್ರಿ ಸರ. ಕುರಿಯವರ ಠಿಕಾಣಿ ಯಾರಿಗೆ ಗೊತ್ತಿರತೈತ್ರಿ? ಇವತ್ತ ಒಂದೂರು, ನಾಳೆ ಒಂದೂರು."

"ಹುಡುಕಿ ನೋಡಾಕ ಆಗೂದಿಲ್ಲೇನ್ರಿ?"

"ಎಲ್ಲೆಂತ ಹುಡಕಲಿ? ಮುದುಕಿ ನಾನು." ಮುಂದೆ ಹೇಳಿದೆ: "ನಮ್ಮಾಕಿ ಮನ್ಯಾಗ ಅದಾಳ್ರಿ. ಒಂದ ಕ್ಲಾಸಿನವರ ಇಬ್ಬರೂ. ಇಕಿನ್ನ ಕಳಸಲೇನ್ರಿ?"

ಸರ್ ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. "ನಿಮ್ಮಾಕಿ ಶಾಣ್ಯಾ ಅದಾಳ್ರಿ, ಕೈ ಇನ್ನೂ ಕೂತಿಲ್ಲ. ಅಕಿಗೆ ಸುದ್ದಿ ಮುಟ್ಟಸಾಕ ನೋಡ್ರಿ. ಶನಿವಾರ ತನಕ ಸಿಗದಿದ್ರ ನಿಮ್ಮಾಕಿನ್ನ ಕಳಸ್ರಿ."

ಗುರುವಾರ, ಶುಕ್ರವಾರ, ಶನಿವಾರ ಮೂರು ದಿನ ಇದ್ದವು. ನಾನು ಹಪ್ಪಳ ಮಾಡಿದೆ. ಅದರ ಅವಸರ ಏನೂ ಇರಲಿಲ್ಲ. ಅವಳ ಅಪ್ಪನ ನಂಬರಿಗೂ ಫೋನು ಹಚ್ಚಲಿಲ್ಲ. ಹತ್ತಿಬಿಟ್ಟರೆ ಏನು ಹೇಳಲಿ ಎಂದು ಹೆದರಿಕೆಯಾಯಿತು. ಶನಿವಾರ ಸಂಜೆ ಮೊಮ್ಮಗಳನ್ನು ಕರೆದು ಹುಕ್ಕೇರಿಯಲ್ಲಿ ಕೆಲಸ ಬಂದಿದೆ ಎಂದೆ.

"ಸರ ನನ್ನ ಹೆಸರ ಹೇಳಿದ್ರ? ಖರೆ ಹೇಳು ಆಯಿ, ನನ್ನ ಹೆಸರ?"

"ಹೂಂ, ನಿನ್ನ ಹೆಸರ."

ಅವಳು ನನ್ನ ಕುತ್ತಿಗೆಗೆ ಬಿದ್ದಳು. ಅವಳ ತಾಯಿ ಸತ್ತಮೇಲೆ ಹಾಗೆ ಮಾಡಿದ್ದು ಅದೇ ಮೊದಲು. ನಾನು ಅವಳನ್ನು ಸರಿಸಿ, ಹಪ್ಪಳ ಒಳಗೆ ಇಡು ಎಂದೆ.

ಇಪ್ಪತ್ತು ದಿನ ಬಿಟ್ಟು ಗೆಳತಿ ಬಂದಳು. ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು: "ಆಯಿ, ಸರ ಫೋನ್ ಮಾಡಿದ್ರೇನ್ರಿ?"

"ಇಲ್ಲವ್ವಾ."

"ಇಕಿ ಎಲ್ಲೆ?"

"ಹುಕ್ಕೇರ್ಯಾಗ ಕೆಲಸ ಸಿಕ್ಕೈತಿ. ಅಲ್ಲೇ ರೂಮ್ ಮಾಡ್ಯಾಳ."

"ಹುಕ್ಕೇರ್ಯಾಗ?" ಎಂದಳು. "ನಾವ ಅಲ್ಲೇ ಬಾಜೂಕ ಇದ್ವಿ. ಗೊತ್ತಿದ್ರ ಅಕಿನ್ನ ನೋಡಿ ಬರ್ತಿದ್ನಿ." ರೊಟ್ಟಿ ಹಾಕಿದೆ, ತಿಂದಳು. ತನ್ನ ಟ್ರಂಕು, ಬಿಳಿ ಕೋಟು ತೆಗೆದುಕೊಂಡು ಸಂಜೆ ಬಸ್ಸಿಗೆ ಹೋದಳು. ಮುಂದಿನ ವರ್ಷ ಅವಳ ಮದುವೆಯಾಯಿತು, ಕುರಿ ಇದ್ದ ಮನೆಗೇ. ನಮ್ಮನ್ನು ಕರೆಯಲಿಲ್ಲ. ಆ ವರ್ಷದಿಂದ ಅವಳ ಅಪ್ಪ ನಮ್ಮ ಹೊಲದಲ್ಲಿ ಕುರಿ ಕೂಡಿಸಲು ಬರಲಿಲ್ಲ. ಎಲ್ಲರೂ ಕಬ್ಬು ಹಚ್ಚುತ್ತಾರೆ, ಕುರಿ ನಿಲ್ಲಲು ಬಯಲು ಎಲ್ಲಿದೆ, ಅದಕ್ಕೇ ಬರುತ್ತಿಲ್ಲ ಎಂದು ನಾನು ಕೇಳಿದವರಿಗೆಲ್ಲ ಹೇಳಿದೆ. ನನ್ನ ಹೊಲ ಮಾತ್ರ ಬಯಲಾಗಿಯೇ ಇತ್ತು.

ಮೊಮ್ಮಗಳಿಗೆ ಮೊದಲ ತಿಂಗಳು ಬಹಳ ಕಷ್ಟವಾಯಿತು. ಲ್ಯಾಬಿನವನು, "ಸರ ಹೊಗಳಿದ ಕೈ ಇದ ಏನವ್ವಾ?" ಎಂದು ಎಲ್ಲರೆದುರು ಅಂದನಂತೆ. ರವಿವಾರ ಮನೆಗೆ ಬಂದು ಅತ್ತಳು. ಮತ್ತೆ ನನ್ನ ತೋಳು ಚಾಚಿದೆ. ಆ ಸಲ ನೋಯಿಸಿಕೊಂಡದ್ದಕ್ಕೆ ನನಗೆ ಬೇಸರವಾಗಲಿಲ್ಲ. "ಸರ ನನ್ನ ನಂಬ್ಯಾರ, ಬಿಡಾಕಾಗೂದಿಲ್ಲ," ಎಂದು ಅವಳು ಹಲ್ಲು ಕಚ್ಚಿ ಕಲಿತಳು. ಅಳಿಯ ಮತ್ತೆ ಲಾರಿಯವನ ಮಾತು ತೆಗೆಯಲಿಲ್ಲ.

ಅಲ್ಲಿಂದ ಮುಂದೆ ಒಂದನ್ನು ಹಿಡಿದು ಒಂದು ಬಂತು. ಅವಳ ಜೊತೆಗೆ ಕಲಿತವರೆಲ್ಲ ಫೋನಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಮೂಡಲಗಿಯ ದವಾಖಾನೆಯಲ್ಲಿ ಒಬ್ಬಳು, ಗೋಕಾಕದಲ್ಲಿ ಇಬ್ಬರು, ಬೆಳಗಾವಿಯಲ್ಲಿ ಒಬ್ಬ. ಎಲ್ಲಿ ಜಾಗ ಖಾಲಿಯಾಯಿತು, ಹೊಸ ಮಶೀನು ಎಲ್ಲಿ ಬಂತು, ಯಾರು ಪಗಾರ ಸರಿಯಾಗಿ ಕೊಡುತ್ತಾರೆ, ಎಲ್ಲ ಅದರಲ್ಲಿ ಬರುತ್ತದೆ. ಬೆಳಗಾವಿಯವನು ಹೇಳಿದ್ದರಿಂದ ಇವಳು ದೊಡ್ಡ ಮಶೀನು ಕಲಿತು ಬಂದಳು. ಈಗ ಆ ಲ್ಯಾಬಿಗೆ ಇವಳೇ ಮುಖ್ಯ. ಗೆಳತಿಯನ್ನೂ ಗುಂಪಿಗೆ ಸೇರಿಸಲು ನೋಡಿದರಂತೆ, ಆಗಲಿಲ್ಲ. ಅವರ ಹತ್ತಿರ ಇದ್ದದ್ದು ನನ್ನ ನಂಬರು. ನನ್ನದು ಗುಂಡಿ ಒತ್ತುವ ಫೋನು, ಅದಕ್ಕೆ ಅಂಥವು ಬರುವುದಿಲ್ಲ. ಒಂದು ಜಾಗ ತಪ್ಪಿಸಿದೆ ಎಂದುಕೊಂಡಿದ್ದೆ. ತಪ್ಪಿದ್ದು ಒಂದಲ್ಲ.

ಹೀಗೆ ಎಂಟು ವರ್ಷ ಹೋದವು. ಹೋದ ಚಳಿಗಾಲದಲ್ಲಿ ನಾನು ಸಕ್ಕರೆ ಕಾಯಿಲೆಯ ತಪಾಸಣೆಗೆ ಹುಕ್ಕೇರಿಗೆ ಹೋಗಿದ್ದೆ. ವಯಸ್ಸಾಗಿ ನರಗಳು ಒಳಗೆ ಇಳಿದುಬಿಟ್ಟಿವೆ. ಮೊಮ್ಮಗಳು ಒಮ್ಮೆ ಚುಚ್ಚಿದಳು, ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಆಗ ಬಾಗಿಲಲ್ಲಿ ಯಾರೋ, "ಇನ್ನೂ ಹಂಗ ಚುಚ್ಚತೀಯೇನ?" ಎಂದರು.

ಅವಳೇ. ಕಂಕುಳಲ್ಲಿ ಜ್ವರ ಬಂದ ಮಗು. ರಕ್ತ ತಪಾಸಣೆ ಮಾಡಿಸಲು ಬಂದಿದ್ದಳು, ಅದು ಮೊಮ್ಮಗಳ ಲ್ಯಾಬೆಂದು ಗೊತ್ತಿರಲಿಲ್ಲ. ಮೊಮ್ಮಗಳು ಓಡಿ ಹೋಗಿ ಅವಳನ್ನು ತಬ್ಬಿಕೊಂಡಳು. ಮಗುವನ್ನು ಎತ್ತಿಕೊಂಡಳು. "ಎಲ್ಲಿ ಸತ್ತಿದ್ದಿ ಇಷ್ಟ ದಿನ?" ಎಂದು ಬೈದಳು. ಗೆಳತಿ ನನ್ನ ಹತ್ತಿರ ಬಂದು ಕೈ ಹಿಡಿದು, ಕಣ್ಣು ಮುಚ್ಚಿ, ಎರಡು ಬೆರಳಿನಿಂದ ಒತ್ತಿದಳು.

"ಇಲ್ಲೈತಿ ನೋಡ," ಎಂದು ಬೆರಳು ಅಲ್ಲೇ ಇಟ್ಟಳು. ಮೊಮ್ಮಗಳು ಅವಳ ಬೆರಳಿನ ಬಾಜೂಕ್ಕೆ ಸೂಜಿ ಇಳಿಸಿದಳು. ರಕ್ತ ಬಂತು.

ಆ ಬೆರಳು ಕೈಮೇಲೆ ಇರುವಾಗಲೇ ನಾನು ಹೇಳಿದೆ. "ಈ ಕೆಲಸಾ ನಿಂದು. ಸರ ನಿನ್ನ ಹೆಸರ ಹೇಳಿದ್ರು. ನೀ ಕಣಗಲಾದಾಗ ಇದ್ದಿ ಅಂತ ನಂಗ ಗೊತ್ತಿತ್ತು. ನಾ ಹೇಳಿ ಕಳಸಲಿಲ್ಲ."

ಅವಳು ಬೆರಳು ತೆಗೆಯಲಿಲ್ಲ. "ನಂಗ ಅದ ವರ್ಷಾನ ಗೊತ್ತಾತ್ರಿ ಆಯಿ. ಮಾರ್ಕ್ಸ್ ಕಾರ್ಡ್ ತರಾಕ ಹೋದಾಗ ಸರ ಬೈದ್ರು. 'ನಿಮ್ಮ ಅಮ್ಮಾರಿಗೆ ಹೇಳಿದ್ನಲ್ಲಾ' ಅಂದ್ರು."

"ನನ್ನ ಯಾಕ ಕೇಳಲಿಲ್ಲ?"

"ಮೂರು ವರ್ಷ ನಿಮ್ಮ ರೊಟ್ಟಿ ತಿಂದೇನಿ. ಹೆಂಗ ಜಗಳಾ ತಗೀಲಿ?" ಮತ್ತೆ ಹೇಳಿದಳು: "ಆದ್ರ ಅಪ್ಪಗ ಹೇಳಿದ್ನಿ. ಆ ಹೊಲದಾಗ ಇನ್ನ ಕುರಿ ಕೂಡಸಬ್ಯಾಡ ಅಂತ."

ಮೊಮ್ಮಗಳು ಸೂಜಿ ತೆಗೆದು, ಹತ್ತಿ ಒತ್ತಿ, ನನ್ನ ರಕ್ತವನ್ನು ಸೀಸೆಗೆ ಹಾಕಿ ಚೀಟಿ ಅಂಟಿಸಿದಳು. ಮಗುವಿನ ರಕ್ತ ತೆಗೆದಳು, ತಪಾಸಣೆ ಮಾಡಿಕೊಟ್ಟಳು, ಗೆಳತಿಯನ್ನು ಬಸ್ಸಿನ ತನಕ ಬಿಟ್ಟು ಬಂದಳು. ಆಮೇಲೆ ನನ್ನ ಎದುರು ಕುಳಿತು ಒಂದೇ ಮಾತು ಅಂದಳು.

"ಸರ ನನ್ನ ಆರಸಲಿಲ್ಲ, ಹಂಗಾದ್ರ."

ಸಂಜೆ ಬಸ್ಸಿಗೆ ನಾನು ಕೊಣ್ಣೂರಿಗೆ ಮರಳಿದೆ.

ಈ ಬೇಸಿಗೆಯಲ್ಲಿ ಆ ಲ್ಯಾಬಿನಲ್ಲಿ ರಕ್ತ ತೆಗೆಯುವವರ ಜಾಗವೊಂದು ಖಾಲಿಯಾಯಿತು. ಮೊಮ್ಮಗಳು ಲ್ಯಾಬಿನವನಿಗೆ ಹೇಳಿ ಒಪ್ಪಿಸಿದಳು. ಆಮೇಲೆ ನನಗೆ ಫೋನು ಮಾಡಿದಳು. "ಅಕಿ ಗಂಡನ ಮನಿ ಹಿಂಡ ಕಣಗಲಾ ಕಡೆ ಐತೆಂತ. ನೀನ ಹೋಗಿ ಹೇಳಿ ಬಾ," ಎಂದಳು. ಗೆಳತಿಯ ನಂಬರು ಈಗ ಅವಳ ಹತ್ತಿರ ಇತ್ತು. ಆದರೂ ನನ್ನನ್ನೇ ಕಳಿಸಿದಳು. ಯಾಕೆಂದು ನಾನು ಕೇಳಲಿಲ್ಲ.

ಹುಕ್ಕೇರಿಯಲ್ಲಿ ಬಸ್ಸು ಹತ್ತಿ ಸಂಕೇಶ್ವರದ ಮೇಲೆ ಕಣಗಲಾದಲ್ಲಿ ಇಳಿದೆ. ಚಹಾ ಅಂಗಡಿಯಲ್ಲಿ ಒಬ್ಬ ರೈತನನ್ನು ಕೇಳಿದೆ, ಅವನು ಒಂದು ಹೊಲ ತೋರಿಸಿದ. ಆ ಹೊಲದವನು ಹಳ್ಳದ ಆಚೆಗೆ ಕೈ ಮಾಡಿದ. ಅಲ್ಲೇ ಇದ್ದರು. ಅವಳು ಒಂದು ಕುರಿಯನ್ನು ಮೊಣಕಾಲ ನಡುವೆ ಹಿಡಿದು ಸೂಜಿ ಹಾಕುತ್ತಿದ್ದಳು. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದಳು, ಕಂಬಳಿ ಹಾಸಿದಳು, ಚಹಾ ಮಾಡಿದಳು. ನಾನು ವಿಷಯ ಹೇಳಿದೆ.

ಅವಳು ಹಿಂಡಿನ ಕಡೆ ನೋಡಿದಳು. "ಆಗ ಆಗಿದ್ರ ಓಡಿ ಬರ್ತಿದ್ನ್ರಿ ಆಯಿ. ಈಗ ಎರಡ ಮಕ್ಕಳು, ಅತ್ತಿಗೆ ಕಣ್ಣ ಕಾಣೂದಿಲ್ಲ, ಈ ಕುರಿ ಯಾರ ನೋಡ್ತಾರ? ಆ ಮಶೀನಿನ ಹೆಸರೂ ಮರ್ತ ಹೋಗ್ಯಾವ. ಅಕಿ ಕೈಕೆಳಗ ನಾ ಕೆಲಸಾ ಮಾಡಿದ್ರ ಅಕಿಗೂ ತ್ರಾಸ, ನಂಗೂ ತ್ರಾಸ. ಬ್ಯಾಡಂತ ಹೇಳ್ರಿ."

"ಸಿಟ್ಟ ಐತೇನ ನನ್ಮ್ಯಾಲ?"

"ಐತ್ರಿ," ಎಂದಳು. "ಚಹಾ ಆರತೈತಿ, ಕುಡೀರಿ."

ಕುಡಿದೆ. ಅವಳು ರಸ್ತೆಯ ತನಕ ಬಂದು ಬಸ್ಸಿಗೆ ಕೈ ಮಾಡಿ ನಿಲ್ಲಿಸಿದಳು.

ಹುಕ್ಕೇರಿಗೆ ಬಂದು ಮೊಮ್ಮಗಳಿಗೆ ಎಲ್ಲ ಹೇಳಿದೆ. ಅವಳು ಸೀಸೆಗಳನ್ನು ಸಾಲಾಗಿ ಜೋಡಿಸುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ ತಲೆ ಎತ್ತದೆ ಕೇಳಿದಳು:

"ಹುಡುಕಾಕ ಎಷ್ಟೊತ್ತ ಹಿಡೀತು?"

"ಎರಡ ತಾಸು," ಎಂದೆ. "ಬಸ್ಸಿಂದೂ ಹಿಡದು."

ಅವಳು ಸೀಸೆಗಳನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದಳು.